ಜಂಬೋ ತಗಡಿನ ಮಂಚ

ಬೀಗ ಒಡೆಯಲಿಲ್ಲ. ಜಾವೀದ್ ಮತ್ತೆ ಸುತ್ತಿಗೆ ಎತ್ತಿದ.

"ಲೇ, ಮಸೀದಿ ಶೆಡ್ಡು ಕಣ್ಲಾ ಅದು!" ಕಮಿಟಿಯ ಹಿರಿಯ ನದೀಮ್ ಸಾಬ್ ಓಡಿಬಂದರು.

"ಅಬ್ಬಾಗೆ ಕಫನ್ ಹೊದಿಸಾಯ್ತು ಚಾಚಾ. ಒಳಗಿರೋದು ಅವ್ರು ಮಾಡಿದ ಮಂಚ. ಅದ್ರಲ್ಲೇ ಹೊರ್ತೀವಿ."

"ಕದ್ದ ಮಾಲಲ್ಲಿ ಮಯ್ಯತ್ ಹೊರೋದಾ? ಮರದ್ದು ಅದೆಯಲ್ಲ, ಎಲ್ರೂ ಅದ್ರಲ್ಲೇ ಹೋಗವ್ರೆ."

"ಕದ್ದಿದ್ದನ್ನ ನೀವು ಕಂಡ್ರಾ?"

ಬೀಗ ಕಳಚಿ ಬಿತ್ತು.

*

ಜಾವೀದನ ಅಬ್ಬಾ ಹಿದಾಯತುಲ್ಲಾ ಸರ್ಕಾರಿ ವಿಮಾನ ಕಂಪನಿಯ ಮುಂಬೈ ಹ್ಯಾಂಗರಿನಲ್ಲಿ ರಿವಿಟ್ ಹೊಡೆಯುತ್ತಿದ್ದರು. ಸೇರಿದಾಗ ಫ್ಯಾನು ತಿರುಗುವ ವಿಮಾನಗಳಿದ್ದವು. ಆಮೇಲೆ ಜೆಟ್ ಬಂತು, ಮಹಡಿಯಿರುವ ಜಂಬೋ ಬಂತು. ರಜೆಗೆ ಊರು ಶಿರಾಕ್ಕೆ ಬಂದಾಗಲೆಲ್ಲ "ನಮ್ ಜಂಬೋ" ಎನ್ನುತ್ತಿದ್ದರು, ಹೊಸ ಎಮ್ಮೆ ಕೊಂಡವರ ಹಾಗೆ.

ಅವರು ನಿವೃತ್ತಿಯಾದ ವರ್ಷ ಹಳೆಯ ಜಂಬೋವನ್ನು ಕತ್ತರಿಸಿ ಗುಜರಿಗೆ ಹಾಕಿದರು. ಗುಜರಿಯವನಿಂದ ಅದರ ಅಲ್ಯೂಮಿನಿಯಂ ತಗಡು ಕೊಂಡುತಂದು, ಅಂಗಳದಲ್ಲಿ ಕೂತು, ಮಸೀದಿಗೆಂದು ಹೆಣ ಹೊರುವ ಹಗುರ ಮಂಚ ಮಾಡಿದರು. ತೇಗದ ಮಂಚಕ್ಕೆ ಹೆಗಲು ಕೊಟ್ಟು ಮುದುಕರು ಮುಗ್ಗರಿಸುವುದನ್ನು ಅವರು ಕಂಡಿದ್ದರು. ಕಮಿಟಿ "ಸರ್ಕಾರದ ಮಾಲು" ಎಂದು ಅದನ್ನು ಶೆಡ್ಡಿಗೆ ಹಾಕಿ ಬೀಗ ಜಡಿಯಿತು. ಬೀದಿ ಅವರನ್ನು ವಿಮಾನ ಕಳ್ಳ ಎಂದಿತು.

ಕೊನೆಗೆ ಸರ್ಕಾರ ಆ ಕಂಪನಿಯನ್ನೇ ಮಾರಿದ ಸುದ್ದಿ ಬಂದ ದಿನ ಅವರು ಟೀವಿ ಆರಿಸಿದರು.

"ಇದಕ್ಕೆ ಯಾರೂ ಬೀಗ ಹಾಕಲ್ಲ ನೋಡು," ಎಂದರು ಹೆಂಡತಿ ಅಮೀರ್ ಬಿಗೆ. ಅಷ್ಟೇ.

*

ಮಂಚವನ್ನು ಮನೆಯಂಗಳಕ್ಕೆ ತಂದು ಹಿದಾಯತುಲ್ಲಾರನ್ನು ಮಲಗಿಸಿದಾಗ ಯಾರೂ ಹತ್ತಿರ ಬರಲಿಲ್ಲ.

"ನನ್ ಲಾರೀಲೇ ಬಂದಿದ್ದು ಕಣ್ರೀ ಆ ತಗಡು," ಎಂದ ಅವರ ಗೆಳೆಯ ಕದರಪ್ಪ. "ಕದ್ದೋನು ಪ್ಯಾಟೆ ಬೀದೀಲಿ ಹಾಡುಹಗಲೇ ಇಳಿಸ್ತಾನಾ?"

"ಇಷ್ಟು ವರ್ಷ ಎಲ್ಲಿ ಹೋಗಿತ್ತು ನಿನ್ ಬಾಯಿ?" ನದೀಮ್ ಸಾಬ್ ಕೇಳಿದರು.

"ಅವ್ನೇ ಬ್ಯಾಡ ಅಂದ. ಬದುಕಿದ್ದಾಗ್ಲೇ ಗೋರಿ ಕಟ್ಟೋ ಜನಕ್ಕೆ ಗುಜರಿ ರಸೀದಿ ಯಾಕೆ ತೋರಿಸ್ಲಿ ಅಂದ."

ಬಾಗಿಲ ಪರದೆಯ ಹಿಂದಿನಿಂದ ಅಮೀರ್ ಬಿಯ ದನಿ ಬಂತು: "ಕಳ್ಳ ಅನ್ಸ್ಕೊಂಡೇ ಬದುಕಿದ್ರು ನದೀಮ್ ಭಾಯ್. ಮಣ್ಣಿಗೂ ಅಂಗೇ ಕಳಿಸ್ತೀರಾ?"

ನದೀಮ್ ಸಾಬ್ ಟೋಪಿ ಸರಿಮಾಡಿಕೊಂಡರು. ಬಂದು ಮುಂದಿನ ಹಿಡಿಗೆ ಕೈ ಹಾಕಿದರು. ಅದನ್ನು ನೋಡಿ ಉಳಿದವರೂ ಬಂದರು. ಎಲ್ಲರೂ ತೇಗದ ಮಂಚವನ್ನೇ ಹೊತ್ತು ಬಲ್ಲವರು. ಮಂಡಿ ಬಗ್ಗಿಸಿ, ಉಸಿರು ಕಟ್ಟಿ, ಕಲಿಮಾ ಹೇಳುತ್ತ ಒಟ್ಟಿಗೆ ಎತ್ತಿದರು.

ತೇಗ ಎತ್ತುವ ಬಲಕ್ಕೆ ಮಂಚ ಹೆಗಲುಗಳನ್ನು ದಾಟಿ, ತಲೆಗಳನ್ನೂ ದಾಟಿ ಮೇಲೆದ್ದಿತು. ಕಲಿಮಾ ಅರ್ಧಕ್ಕೆ ನಿಂತಿತು. ಭಾರಕ್ಕೆಂದು ಹಲ್ಲು ಕಚ್ಚಿ ನಿಂತಿದ್ದ ನದೀಮ್ ಸಾಬರ ಹೆಗಲ ಮೇಲೆ ಏನೂ ಇರಲಿಲ್ಲ.