ವೋಟಿನ ದಿನ ಬಂದ ಸಾವಿನ ಸುದ್ದಿ

ಊಟಿಯ ಬೆಟ್ಟಗಳಲ್ಲಿ ನಂಜನಾಡಿನ ಕಡೆಯ ಆ ಹಟ್ಟಿಗೆ ಇದ್ದದ್ದು ಒಂದೇ ಹಳ್ಳ. ಕುಡಿಯುವುದಕ್ಕೂ ಅದೇ, ಎಮ್ಮೆಗೂ ಅದೇ, ಉರುಳಗಡ್ಡೆ ಹೊಲಕ್ಕೂ ಅದೇ. ಬೆಟ್ಟದ ಮೇಲೆ ಟೀ ಫ್ಯಾಕ್ಟರಿ ಕಟ್ಟಲು ಹೊರಟ ಕಂಟ್ರಾಕ್ಟರೊಬ್ಬನಿಗೆ ಆ ನೀರು ಬೇಕಾಯಿತು. ಕಾಲುವೆ ತೋಡಲು ಊರುಗಳ ಹಳ್ಳ, ರಸ್ತೆ ನೋಡಿಕೊಳ್ಳುವ ಬೋರ್ಡಿನ ಒಪ್ಪಿಗೆ ಬೇಕು. ಹಾಗಾಗಿ ಅವನು ಬೋರ್ಡಿನ ಚುನಾವಣೆಗೆ ತಾನೇ ನಿಂತ. ಹಟ್ಟಿಯವರು ಅವನಿಗೆ ಎದುರಾಗಿ ನಿಂತ ಮಲ್ಲಪ್ಪನಿಗೆ ವೋಟು ಹಾಕಿದರು. ಮಲ್ಲಪ್ಪ ಗೆದ್ದ.

ಕಂಟ್ರಾಕ್ಟರ್ ಸುಮ್ಮನಿರಲಿಲ್ಲ. ಮಲ್ಲಪ್ಪ ಗೆದ್ದ ರೀತಿ ಸರಿಯಲ್ಲವೆಂದು ಕೋರ್ಟಿನಲ್ಲಿ ಕೇಸು ಹಾಕಿದ. ವೋಟು ಹಾಕಿದವರಲ್ಲಿ ಕೆಲವರಿಗೆ ಸಾಕ್ಷಿಗೆ ಬರಬೇಕೆಂದು ಸಮನ್ಸ್ ಬಂತು. ಕೋರ್ಟಿನ ಬಾಗಿಲನ್ನೇ ಕಾಣದ ಜನ ನಡುಗಿಹೋದರು. ಕೊನೆಗೆ ಆ ಚುನಾವಣೆ ರದ್ದಾಯಿತು, ಮತ್ತೆ ವೋಟು ನಡೆಯಬೇಕೆಂದಾಯಿತು.

ಅಷ್ಟರಲ್ಲಿ ಒಂದು ಮಾತು ಹಟ್ಟಿಯಿಂದ ಹಟ್ಟಿಗೆ ಹಬ್ಬಿತು. ಈ ಸಲ ಕಂಟ್ರಾಕ್ಟರಿಗೆ ಎದುರಾಗಿ ವೋಟು ಹಾಕಿದವನ ಪಟ್ಟಾ ರದ್ದಾಗುತ್ತದೆ, ಹೊಲ ಸರಕಾರಕ್ಕೆ ಹೋಗುತ್ತದೆ ಎಂದು. ಯಾರು ಹೇಳಿದರು ಎಂದರೆ ಯಾರಿಗೂ ತಿಳಿಯದು. ಸಂತೆಯಲ್ಲಿ ಕೇಳಿದೆವು ಎನ್ನುವರು.

ಆ ಹಟ್ಟಿಯ ಹಿರಿಯ ಎಂಬ ರೈತನಿಗೆ ಹಳ್ಳದ ಪಕ್ಕದಲ್ಲೇ ಮೂರು ಮೆಟ್ಟಿಲು ಹೊಲ. ಅಪ್ಪ ಕಲ್ಲು ಒಡೆದು ಮಾಡಿದ್ದು. ವೋಟು ಹಾಕಿದರೆ ಹೊಲ ಹೋಗುತ್ತದೆ ಎನ್ನುತ್ತಾರೆ, ಹಾಕದಿದ್ದರೆ ನೀರು ಹೋಗುತ್ತದೆ, ನೀರು ಹೋದರೆ ಹೊಲ ಇದ್ದೂ ಇಲ್ಲದ ಹಾಗೆ. ಇದನ್ನೇ ಯೋಚಿಸಿ ಯೋಚಿಸಿ ಅವನಿಗೆ ಊಟ ಸೇರುತ್ತಿರಲಿಲ್ಲ. ನಾಯಿ ಬೊಗಳಿದರೆ ಕೋರ್ಟಿನವರು ಬಂದರೇನೋ ಎಂದು ಎದ್ದು ನಿಲ್ಲುವನು.

ಹೆಂಡತಿ ಮಾದಿಯ ತಮ್ಮ ಭೋಜನ್ ಊಟಿಯ ಶಾಲೆಯೊಂದರಲ್ಲಿ ಮೇಷ್ಟ್ರು. ವೋಟಿನ ಹಿಂದಿನ ದಿನ ಅಕ್ಕನ ಮನೆಗೆ ಬಂದ. ಮಾದಿ ಅವನಿಗೆ ಕಾಫಿ ಕೊಡುವ ಮೊದಲೇ ಬೈಗುಳ ಕೊಟ್ಟಳು. ಓದಿದವರ ಮಾತು ಕೇಳಿಯೇ ಎಂಗಳ ಹೊಲ ಕಳೆದುಕೊಳ್ಳುವುದು ಎಂದಳು. ಭೋಜನ್ ನಗಲಿಲ್ಲ. ಅವನಿಗೂ ಹೆದರಿಕೆ ಇತ್ತು. ಶಾಲೆಯ ದಾರಿಯಲ್ಲಿ ಕಂಟ್ರಾಕ್ಟರನ ಆಳುಗಳು ಅವನನ್ನು ನಿಲ್ಲಿಸಿ, ಕೆಲಸ ಬೇಕೋ ಬೇಡವೋ ಎಂದು ಕೇಳಿದ್ದರು.

"ಬಾವ, ಹೆದರಿಕೆ ಇಲ್ಲೆ ಅಂತ ನಾ ಹೇಳೋದಿಲ್ಲ," ಎಂದ. "ಆದರೆ ಕೇಸು ನಡೆದದ್ದು ಮಲ್ಲಪ್ಪ ಗೆದ್ದ ರೀತಿ ಸರಿಯೋ ತಪ್ಪೋ ಅಂತ. ಯಾರ ಹೊಲದ ಮೇಲೂ ಅಲ್ಲ. ಸಾಕ್ಷಿಗೆ ಹೋದವರ ಹೊಲದಲ್ಲಿ ಒಂದು ಕಲ್ಲಾದರೂ ಸರಿದಿದೆಯಾ? ನೀವೇ ನೋಡಿ."

ಹಿರಿಯ ನೆನೆದು ನೋಡಿದ. ಸಾಕ್ಷಿಗೆ ಹೋಗಿ ಬಂದ ಹಾಲನ್ ಆ ವರ್ಷವೂ ಉರುಳಗಡ್ಡೆ ಕಿತ್ತಿದ್ದ.

"ನಾಳೆ ಇನ್ನೂ ಏನೇನೋ ಸುದ್ದಿ ಬರುತ್ತೆ," ಎಂದ ಭೋಜನ್. "ಓಡಬೇಡಿ. ಮೊದಲು ಕೂತುಕೊಳ್ಳಿ. ಯಾರು ಹೇಳಿದರು, ಯಾರು ಕಳಿಸಿದರು, ಇವತ್ತೇ ಯಾಕೆ, ಇಷ್ಟು ಕೇಳಿ. ಆಮೇಲೆ ಎದ್ದೇಳಿ."

ಕೂತವನ ಹೊಲವೇ ಮೊದಲು ಹೋಗೋದು ಎಂದು ಮಾದಿ ಗೊಣಗಿದಳು.

ಮರುದಿನ ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಗಂಡಸರು ವೋಟಿಗೆ ಹೊರಡಲೆಂದು ಬಿಳಿ ದುಪ್ಪಟಿ ಹೊದ್ದು ಊರ ಮುಂದೆ ಸೇರುತ್ತಿದ್ದರು. ಎದುರಿನ ದಿಬ್ಬದ ಮೇಲೆ ಒಬ್ಬ ಆಳು ಕಾಣಿಸಿಕೊಂಡು ಕೂಗಿದ. ದೊಡ್ಡಬೆಟ್ಟದ ಆಚೆ ಹಟ್ಟಿಗೆ ಕೊಟ್ಟಿರುವ ಗಂಗೆ ಸತ್ತಳು, ಎಲ್ಲರೂ ಬನ್ನಿ ಎಂದ. ಎರಡು ಸಲ ಕೂಗಿ, ಬಂದ ದಾರಿಯಲ್ಲೇ ಇಳಿದುಹೋದ.

ಗಂಗೆ ಹಿರಿಯನ ಒಡಹುಟ್ಟಿದ ಅಕ್ಕ.

ಈ ಬೆಟ್ಟದಲ್ಲಿ ಸಾವಿಗಿಂತ ದೊಡ್ಡ ಕೆಲಸವಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಗುದ್ದಲಿ ಅಲ್ಲೇ ಬೀಳಬೇಕು. ಹಗೆಯವನ ಮನೆಯಾದರೂ ಹೋಗಬೇಕು. ಹೋಗದವನ ಮನೆಯ ಸಾವಿಗೆ ನಾಳೆ ಯಾರೂ ಬರುವುದಿಲ್ಲ. ಹೆಂಗಸರು ಆಗಲೇ ಅಳಲು ಶುರುಮಾಡಿದ್ದರು. ವೋಟಿಗೆಂದು ಹೊದ್ದ ದುಪ್ಪಟಿಯಲ್ಲೇ ಗಂಡಸರು ದೊಡ್ಡಬೆಟ್ಟದ ದಾರಿ ಹಿಡಿದರು. ವೋಟು ನಡೆಯುವ ಶಾಲೆ ಇದ್ದದ್ದು ಅದಕ್ಕೆ ನೇರ ಎದುರು ದಿಕ್ಕಿನಲ್ಲಿ.

ಹಿರಿಯ ಅಲ್ಲೇ ಕಲ್ಲಿನ ಮೇಲೆ ಕೂತ. ಭೋಜನನ ಮಾತು ನೆನಪಾಗಿ ಕೂತದ್ದಲ್ಲ, ನಿಲ್ಲಲಾರದೆ ಕೂತದ್ದು. ಆದರೆ ಕೂತ ಮೇಲೆ ಕಣ್ಣ ಮುಂದೆ ಆ ಆಳು ಮತ್ತೆ ಬಂದ. ದಿಬ್ಬದ ಮೇಲೆ ನಿಂತವನು. ತಲೆಯ ಮೇಲೆ ರುಮಾಲು ಸುತ್ತಿಕೊಂಡೇ ನಿಂತವನು.

"ಮಾದಿ, ಅವ ರುಮಾಲು ಬಿಚ್ಚಿದ್ದನಾ?"

ಮಾದಿ ಅಳು ನಿಲ್ಲಿಸಿದಳು. ಸಾವಿನ ಸುದ್ದಿ ತರುವವನು ಹಟ್ಟಿ ಕಂಡೊಡನೆ ತಲೆಯ ರುಮಾಲು ಬಿಚ್ಚುತ್ತಾನೆ. ಬರಿದಲೆ ಕಂಡರೆ ಸಾಕು, ಮಾತಿಗೆ ಮೊದಲೇ ಜನಕ್ಕೆ ತಿಳಿಯುತ್ತದೆ. ಈ ಬೆಟ್ಟದಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ.

"ಚಳಿಗೆ ಮರೆತಿರಬೇಕು," ಎಂದಳು ಅವಳು. ಅವಳ ದನಿಯೇ ಅದನ್ನು ನಂಬಲಿಲ್ಲ. ಆಮೇಲೆ ಸಿಟ್ಟು ಬಂತು. "ನಿಜವೇ ಆಗಿದ್ದರೆ? ಒಡಹುಟ್ಟಿದವಳ ಹೆಣ ಬಿಟ್ಟು ವೋಟಿಗೆ ಹೋದ ಅಂತ ನಿಮ್ಮ ಮುಖಕ್ಕೆ ಉಗೀತಾರೆ."

ಹಿರಿಯನಿಗೆ ಅದೇ ಹೆದರಿಕೆ. ಹೊಲದ ಹೆದರಿಕೆಗಿಂತ ಇದು ದೊಡ್ಡದು. ಇವತ್ತೇ ಯಾಕೆ ಎಂದು ಕೇಳಿಕೊಂಡ. ವೋಟು ತಪ್ಪಿಸಲೆಂದೇ ಇರಬೇಕು ಎಂದು ಉತ್ತರ ಹೊಳೆಯಿತು, ಆದರೂ ಎದೆ ಹಗುರಾಗಲಿಲ್ಲ. ತಮ್ಮ ಬಾರದೆ ಅಕ್ಕನ ಹೆಣ ಎತ್ತುವುದಿಲ್ಲ ಎಂಬುದೊಂದೇ ಗಟ್ಟಿ ಮಾತು.

"ನೀ ಜನರ ಜೊತೆ ಹೋಗು," ಎಂದ. "ನಾ ವೋಟು ಹಾಕಿ ಹಿಂದೆಯೇ ಬರ್ತೇನೆ. ಅಕ್ಕ ಸತ್ತಿದ್ದರೆ ಕಾಯ್ತಾಳೆ. ವೋಟು ಕಾಯೋದಿಲ್ಲೆ."

ಹೋದ ಸಲ ಸಾಕ್ಷಿಗೆ ಹೋಗಿದ್ದ ಹಾಲನ್ ಮತ್ತು ಇನ್ನಿಬ್ಬರು ಅವನ ಜೊತೆ ತಿರುಗಿದರು. ಉಳಿದವರು ನಿಲ್ಲಲಿಲ್ಲ.

ಶಾಲೆಯ ಮುಂದೆ ಕಂಟ್ರಾಕ್ಟರನ ಗುಮಾಸ್ತ ನಿಂತಿದ್ದ. ಹಿರಿಯನನ್ನು ಕಂಡು ಅವನ ಮುಖ ಒಂದು ಗಳಿಗೆ ಬಿಳುಚಿತು. "ನಿಮ್ಮಲ್ಲಿ ಸಾವಾಗಿದೆಯಲ್ಲಾ?" ಎಂದ.

ಆ ಸುದ್ದಿ ಇವನಿಗೆ ಇಷ್ಟು ಬೇಗ ಹೇಗೆ ಬಂತು? ಕೂಗು ಕಳಿಸಿದವರು ಯಾರೆಂದು ಹಿರಿಯನಿಗೆ ಗಟ್ಟಿಯಾದದ್ದು ಆಗಲೇ. ಗುಮಾಸ್ತ ಹತ್ತಿರ ಬಂದು, ಈ ಸಲವೂ ಕೇಸು ಹಾಕುತ್ತೇವೆ, ನಿನ್ನನ್ನೂ ಎಳೆಯುತ್ತೇವೆ, ಪಟ್ಟಾ ಉಳಿಯುವುದಿಲ್ಲ ಎಂದ. ಹಿರಿಯ ಜಗಳವಾಡಲಿಲ್ಲ, ಓಡಲೂ ಇಲ್ಲ. ಒಳಗೆ ಹೋಗಿ ಮೇಜಿನ ಹಿಂದೆ ಕೂತ ಅಧಿಕಾರಿಯನ್ನೇ ಕೇಳಿದ.

"ಸಾಮಿ, ವೋಟು ಹಾಕಿದರೆ ಪಟ್ಟಾ ಹೋಗುತ್ತದಾ?"

ಅಧಿಕಾರಿ ತಲೆ ಎತ್ತಲಿಲ್ಲ. "ಪಟ್ಟಾದ ಮಾತು ತಾಲೂಕು ಕಚೇರಿಯದು. ವೋಟಿಗೂ ಅದಕ್ಕೂ ಏನು? ಯಾವ ಪೆಟ್ಟಿಗೆಗೆ ಹಾಕಿದೆ ಅಂತ ನನಗೇ ತಿಳಿಯೋದಿಲ್ಲ. ಹೆಸರು ಹೇಳು."

ಹಿರಿಯ ಹೆಸರು ಹೇಳಿದ. ಪರದೆಯ ಹಿಂದೆ ಇಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ; ಅವನ ಕೈ ನಡುಗುತ್ತಿತ್ತು. ಚೀಟಿ ಮಲ್ಲಪ್ಪನ ಪೆಟ್ಟಿಗೆಯೊಳಗೆ ಬಿತ್ತು.

ದೊಡ್ಡಬೆಟ್ಟ ಹತ್ತುವಾಗ ಅವನು ಕಿವಿಯನ್ನೇ ಮುಂದೆ ಕಳಿಸಿ ನಡೆದ. ಸಾವಿನ ಮನೆಯ ಡೋಲು, ಕೊಳಲು ಕಣಿವೆ ದಾಟಿ ಕೇಳಬೇಕು. ಕೇಳಲಿಲ್ಲ. ಎತ್ತಿಬಿಟ್ಟರೇನೋ, ತನ್ನನ್ನು ಕಾಯಲಿಲ್ಲವೇನೋ ಎಂದು ಬೇಗ ಬೇಗ ಹೆಜ್ಜೆ ಹಾಕಿದ. ಹೊತ್ತು ಇಳಿಯುವಾಗ ಅಕ್ಕನ ಹಟ್ಟಿ ಕಂಡಿತು. ಅಂಗಳದ ತುಂಬ ತನ್ನ ಹಟ್ಟಿಯ ಜನ. ಯಾರೂ ಅಳುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನಡುವೆ ಗಂಗೆ ಸೌಟು ಹಿಡಿದು ನಿಂತು ಬೈಯುತ್ತಿದ್ದಳು.

"ಎನ್ನ ಸಾವಿಗೆ ಅಳಕ್ಕೆ ಬಂದವರಿಗೆಲ್ಲ ಎನ್ನ ಕೈಯಲ್ಲೇ ಸಾಮೆ ಅನ್ನ. ಮೂರು ಸಲ ಒಲೆ ಹಚ್ಚಿದೆ." ತಮ್ಮನನ್ನು ಕಂಡಳು. "ಬಾ, ನೀನೊಬ್ಬ ಬಾಕಿ ಇದ್ದೆ. ನೀನೂ ಅಳಕ್ಕೇ ಬಂದೆಯಾ?"

"ಇಲ್ಲೆ ಅಕ್ಕ. ವೋಟು ಹಾಕಿ ಬಂದೆ."

ಉಣ್ಣುತ್ತಿದ್ದ ಕೈಗಳು ನಿಂತವು. ತಮ್ಮ ಕಡೆಯ ಶಾಲೆಯಲ್ಲಿ ವೋಟಿನ ಹೊತ್ತು ಆಗಲೇ ಮುಗಿದಿತ್ತು.

"ಹಾಗಾದರೆ ನೀ ಮೊದಲು ಕೂತುಕೋ," ಎಂದು ಗಂಗೆ ಅವನಿಗೆ ಬಿಸಿ ಅನ್ನ ಬಡಿಸಿದಳು. ಮಾದಿ ಗಂಡನ ಪಕ್ಕಕ್ಕೆ ಬಂದು ಕೂತಳು.

ಮಲ್ಲಪ್ಪ ಗೆದ್ದ, ಆದರೆ ಕೂದಲೆಳೆಯಲ್ಲಿ. ಕಂಟ್ರಾಕ್ಟರ್ ಮತ್ತೆ ಕೇಸು ಹಾಕಿದ. ಈ ಸಲ ಹಿರಿಯನ ಹೆಸರಿಗೇ ಸಮನ್ಸ್ ಬಂತು. ಭೋಜನನಿಗೆ ಮೊದಲು ಹೇಳಿಕಳಿಸಿದವಳು ಮಾದಿ. ದುಪ್ಪಟಿ ಒಗೆದು ಕೊಟ್ಟವಳೂ ಅವಳೇ. "ಹೋಗಿ, ಕಂಡದ್ದು ಹೇಳಿ ಬನ್ನಿ. ರುಮಾಲಿನ ಮಾತು ಮರೀಬೇಡಿ," ಎಂದಳು. ಹಿರಿಯ ಹೋದ, ಕಂಡದ್ದನ್ನು ಹೇಳಿದ, ಮನೆಗೆ ಬಂದ. ಕೇಸು ಇನ್ನೂ ನಡೆಯುತ್ತಿದೆ. ಹಳ್ಳವೂ ಹರಿಯುತ್ತಿದೆ.

ಓದಿದವರೇ, ಕೇಳಿದವರೇ, ನಿಮ್ಮ ಊರಿಗೂ ವೋಟಿನ ದಿನ ಇಂಥ ಒಂದು ಕೂಗು ಬಂದೀತು. ಅದು ನಿಮಗೆ ಎಲ್ಲಿ ನೋಯುತ್ತದೆ ಎಂದು ತಿಳಿದವರೇ ಅದನ್ನು ಕಳಿಸಿರುತ್ತಾರೆ. ಹೆದರಿಕೆ ಆಗಲಿ, ತಪ್ಪೇನಿಲ್ಲ. ಆದರೆ ಓಡುವ ಮೊದಲು ಕೂತುಕೊಳ್ಳಿ. ಸುದ್ದಿ ತಂದವನ ತಲೆ ನೋಡಿ. ಸಂದೇಹವಿದ್ದರೆ ವೋಟಿನ ಅಧಿಕಾರಿಯನ್ನೇ ಕೇಳಿ, ಸಂತೆಯನ್ನಲ್ಲ. ಕೋರ್ಟಿನ ಕಾಗದ ಬಂದರೆ ಬಚ್ಚಿಡಬೇಡಿ, ತಿಳಿದವರಿಂದ ಓದಿಸಿ, ಕರೆದ ದಿನ ಹೋಗಿ, ಕಂಡದ್ದನ್ನಷ್ಟೇ ಹೇಳಿ. ಸಾಕ್ಷಿಗೆ ಕರೆದರೆ ಅದು ಶಿಕ್ಷೆಯಲ್ಲ. ಮತ್ತೆ ವೋಟು ಬಂದರೆ ಮತ್ತೆ ಹೋಗಿ. ಕೈ ನಡುಗಿದರೂ ಪರವಾಗಿಲ್ಲ, ನಡುಗುವ ಕೈ ಹಾಕಿದ ವೋಟೂ ಒಂದು ವೋಟೇ.