ಜೇನಿನ ಪುಸ್ತಕ ಬರೆದವರು

ಸತ್ತುಹೋದ ಲೇಖಕರ ಜೊತೆ ಇರುವಷ್ಟು ಸಲೀಸಾಗಿ ಬದುಕಿರುವವರ ಜೊತೆ ಇರಲು ತನಗೆ ಬರುವುದಿಲ್ಲವಲ್ಲ ಎಂದು ಅವಳು ಬೆಳಿಗ್ಗೆಯೇ ಡೈರಿಯಲ್ಲಿ ಗೊಣಗಿಕೊಂಡಿದ್ದಳು. ಗ್ರಂಥಾಲಯದಲ್ಲಿ ಅವಳ ಕೆಲಸವೇ ಅಂಥದ್ದು. ಮೂರು ಹೆಸರಲ್ಲಿ ಬರೆದ ಒಬ್ಬರನ್ನು ಪುಸ್ತಕಗಳ ಪಟ್ಟಿಯಲ್ಲಿ ಒಂದೇ ಹೆಸರಿನಡಿ ತರಬೇಕು. ಒಂದೇ ಹೆಸರಿನ ಇಬ್ಬರಿದ್ದರೆ ಹುಟ್ಟಿದ ವರ್ಷವನ್ನೋ ಕಸುಬನ್ನೋ ಸೇರಿಸಿ ಬೇರೆ ಮಾಡಬೇಕು. ಅದರಲ್ಲಿ ಅವಳ ಕೈ ತಪ್ಪುತ್ತಿರಲಿಲ್ಲ. ಬಾಯಿ ಮಾತ್ರ ಏಳುತ್ತಿರಲಿಲ್ಲ.

ಈಗ ಗ್ರಂಥಾಲಯದ ಮುಖ್ಯಸ್ಥೆ ಮೇಡಂ ಹಸಿರು ರಟ್ಟಿನ ಒಂದು ಜೇನುಸಾಕಣೆಯ ಪುಸ್ತಕವನ್ನು ತಂದು, ಇವತ್ತು ಸಹಿ ಹಾಕಲು ಬರಲಿದ್ದ ಕಾದಂಬರಿಕಾರರ ಪುಸ್ತಕಗಳ ಸಾಲಿನ ಕೊನೆಗೆ ನಿಲ್ಲಿಸಿದಾಗಲೂ ಪೂರ್ತಿ ಏಳಲಿಲ್ಲ.

"ಮೇಡಂ, ಅದನ್ನ ನಾನು ಬೇರೆ ಮಾಡಿದ್ದೆ..."

"ನೋಡ್ದೆ. ನೀನು ಬೇರೆ ಮಾಡಿದ್ದೆ, ನಾನು ಒಂದು ಮಾಡ್ದೆ. ಒಂದೇ ಹೆಸರು, ಒಂದೇ ಇನಿಷಿಯಲ್ಲು, ಒಂದು ಮನೇಲಿ ಎರಡು ಒಲೆ ಯಾಕಮ್ಮ? ಅವರು ಬಂದು ಸೈನ್ ಹಾಕ್ಲಿ, ಇವತ್ತೇ ಪಟ್ಟೀನ ಎಲ್ಲಾ ಶಾಖೆಗೂ ಕಳಿಸಿಬಿಡೋಣ."

ಆ ಪುಸ್ತಕ ಅಚ್ಚಾದಾಗ ಕಾದಂಬರಿಕಾರರಿಗೆ ಒಂಬತ್ತು ವರ್ಷ. ಮುನ್ನುಡಿಯಲ್ಲಿ ಲೇಖಕ ತನ್ನ ಮೊಮ್ಮಗಳಿಗೆ ಜೇನು ಕಚ್ಚಿದ್ದನ್ನು ಬರೆದಿದ್ದಾನೆ. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಅವಳ ನೌಕರಿ ಕಾಯಂ ಆಗಬೇಕೋ ಬೇಡವೋ ಎಂದು ಈ ತಿಂಗಳೇ ಬರೆಯಬೇಕಾದವರು ಮೇಡಂ.

ಬಾಗಿಲ ಹತ್ತಿರ, ಬೀದಿಯ ಕೊನೆಯಲ್ಲಿ ಬೇಕರಿ ನಡೆಸುವ ಬೇಕರಿಯಮ್ಮ ನಿಂತಿದ್ದರು. ಹೋದ ವಾರ ಹೀಗೇ ಸೀರೆಗೆ ಮೈದಾ ಮೆತ್ತಿಕೊಂಡು ಬಂದು ಅವಳ ಹತ್ತಿರ ದೂರಿದ್ದರು:

"ನಮ್ಮಪ್ಪ ಬರೆದಿದ್ದು ಇದೊಂದೇ ಪುಸ್ತಕ ಕಣಮ್ಮ. ಮನೇಲಿ ಒಂದು ಪ್ರತೀನೂ ಉಳಿದಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಅಪ್ಪನ ಹೆಸರು ಒತ್ತಿದ್ರೆ ಯಾರೋ ಮೀಸೆಯವರು ಬರ್ತಾರೆ! ನಮ್ಮಪ್ಪಂಗೆ ಮೀಸೆನೇ ಇರ್ಲಿಲ್ಲ. ಜೇನು ಸಿಕ್ಕಾಕೊಳ್ಳುತ್ತೆ ಅಂತ ಬೋಳಿಸ್ಕೊಂಡ್ಬಿಡ್ತಿದ್ರು."

ಅವಳಿಗೆ ನಗು ಬಂದಿತ್ತು. ಮಾತಿಗೆ ಬದಲು ಕೆಲಸ ಮಾಡಿದ್ದಳು: ಹೆಸರಿನ ಮುಂದೆ 'ಜೇನುಸಾಕಣೆಗಾರ' ಎಂದು ಸೇರಿಸಿ ಆ ಮನುಷ್ಯನನ್ನು ಕಾದಂಬರಿಕಾರನಿಂದ ಬಿಡಿಸಿ, ಇವತ್ತು ಬಂದು ನೋಡಿ ಎಂದು ಫೋನಿನಲ್ಲಿ ಸಂದೇಶ ಕಳಿಸಿದ್ದಳು. ಅವರು ನೋಡಲು ಬಂದಿದ್ದರು.

ಕಾದಂಬರಿಕಾರರು ಬಂದರು. ಮೀಸೆ ಈಗ ಬೆಳ್ಳಗಾಗಿತ್ತು. ಒಂದೊಂದೇ ಪುಸ್ತಕ ತೆರೆದು, ಹೆಸರಿನ ಕೆಳಗೆ ಸಹಿ ಹಾಕುತ್ತ, ಪ್ರತಿಯೊಂದಕ್ಕೂ ಒಂದು ತಮಾಷೆ ಹೇಳುತ್ತ ಸಾಗಿದರು. ಹಸಿರು ರಟ್ಟಿಗೆ ಬಂದಾಗ ಹುಬ್ಬೇರಿತು.

"ಇದೂ ನಂದಾ?"

"ನಿಮ್ದೇ ಸಾರ್, ಅಪರೂಪದ ಪ್ರತಿ. ನಿಮಗೇ ಮರೆತುಹೋಗಿರಬೇಕು," ಎಂದರು ಮೇಡಂ.

ಅವರು ಪುಟ ಮಗುಚಿದರು. ಇಲ್ಲ ಎನ್ನುತ್ತಾರೆ, ಈಗ ಇಲ್ಲ ಎನ್ನುತ್ತಾರೆ ಎಂದು ಅವಳು ಕಾದಳು.

"ಇರಬಹುದು ಬಿಡಿ. ಹುಡುಗಾಟದಲ್ಲಿ ಏನೇನು ಬರೆದಿದ್ದೀನೋ! ಜೇನು ಸಾಕೋದು ಗೊತ್ತಿಲ್ಲ, ಮಾತಲ್ಲಿ ಜೇನು ಸುರಿಸೋದಂತೂ ಗೊತ್ತಲ್ಲ."

ಎಲ್ಲರೂ ನಕ್ಕರು. ಬೇಕರಿಯಮ್ಮ ನಗಲಿಲ್ಲ. ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಜಗಳಕ್ಕಲ್ಲ, ನೀನೇ ತಾನೆ ಬಾ ಅಂದಿದ್ದು ಎನ್ನುವ ಹಾಗೆ.

ಪೆನ್ನಿನ ತುದಿ ಹಾಳೆಯತ್ತ ಇಳಿಯಿತು. ತಾನು ಮೇಜಿನ ಬಳಿ ಬಂದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ತನ್ನ ಅಂಗೈ ಶೀರ್ಷಿಕೆ ಪುಟವನ್ನು ಮುಚ್ಚಿರುವುದು ಕಂಡಿತು. ಶಾಯಿಯ ಒಂದು ಚುಕ್ಕೆ ಬೆರಳಿನ ಮೇಲೆ ಕೂತಿತು.

"ಏನೇ ಇದು?" ಎಂದರು ಮೇಡಂ.

ಅವಳು ಮೇಡಂ ಕಡೆ ನೋಡಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

"ಇದು ನೀವು ಬರೆದಿದ್ದಲ್ಲ ಸಾರ್," ಎಂದಳು. "ಬರೆದವರ ಮಗಳು ಅಲ್ಲಿ ನಿಂತಿದ್ದಾರೆ."