ಮೂರನೆಯ ಸಂಬಂಧ

ಮಾಂತೇಶ ಮತ್ತೆ ಮದುವೆಗೆ ಹೆಣ್ಣು ಗೊತ್ತುಮಾಡಿಕೊಂಡಿದ್ದಾನೆ ಎಂಬ ಸುದ್ದಿ ಬೀಳಗಿಯ ಮುತ್ತವ್ವನಿಗೆ ಬಂದದ್ದು ಬನಹಟ್ಟಿಯ ನೇಕಾರ ಸಂಜುವಿನ ಫೋನಿನಿಂದ. ಮುಧೋಳದ ಹತ್ತಿರದ ಹಳ್ಳಿ, ಹೊಲಿಗೆ ಮಾಡುವ ವಿಧವೆ, ಹೆಸರು ಅಂಜನಾ, ಮುಂದಿನ ತಿಂಗಳು ಲಗ್ನದ ಅಕ್ಕಿಕಾಳು. ಇಷ್ಟು ಹೇಳಿ ಸಂಜು ಫೋನು ಇಟ್ಟ. ಮುತ್ತವ್ವ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕೂತಳು. ಬಸ್‌ಸ್ಟ್ಯಾಂಡಿನ ಹಿಂದಿನ ಆ ಸಣ್ಣ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದವಳು ಅವಳು. ಅಂದು ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ಅವಳಿಗೆ ತಿಳಿಯಲಿಲ್ಲ.

ಮಾಂತೇಶ ಅವಳ ತಂಗಿ ನೀಲವ್ವನ ಗಂಡ. ಬನಹಟ್ಟಿಯ ಮನೆಯಲ್ಲೇ ನಾಲ್ಕು ಪವರ್‌ಲೂಮ್, ಮೆತ್ತಗಿನ ಮಾತು, ದುಶ್ಚಟ ಒಂದೂ ಇಲ್ಲ. ನೀಲವ್ವನ ಪುಣ್ಯ ಎಂದು ಊರೇ ಹೇಳಿತ್ತು. ಪಂಚಮಿಗೆ ತವರಿಗೆ ಬಂದಾಗ ನೀಲವ್ವ ಒಂದು ಮಾತು ನಗುತ್ತಲೇ ಹೇಳಿದ್ದಳು: ಆತ ಹೊರಗೆ ಹೋಗುವಾಗ ಹೆಂಡತಿಯ ಚಪ್ಪಲಿಯನ್ನು ಬೈಕಿನ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಾನೆ, ಅವಳು ಎಲ್ಲೂ ಹೋಗಬಾರದೆಂದು. ಮುತ್ತವ್ವನೂ ನಕ್ಕಿದ್ದಳು. ಮರುವರ್ಷದ ಶ್ರಾವಣದಲ್ಲಿ ಹಿಪ್ಪರಗಿಯ ಹತ್ತಿರ ಹೊಳೆಗೆ ಹೋದಾಗ ಕಾಲುಜಾರಿ ನೀಲವ್ವ ಸತ್ತಳೆಂಬ ಸುದ್ದಿ ಬಂತು. ಕೃಷ್ಣೆಯ ದಂಡೆಯಲ್ಲೇ ಬೆಳೆದ ಹುಡುಗಿ, ಗಂಡುಮಕ್ಕಳ ಸರಿಸಮ ಈಜುತ್ತಿದ್ದವಳು. ಮುತ್ತವ್ವ ಅಪ್ಪನ ಮುಂದೆ ಅದನ್ನೇ ಹೇಳಿ ಅತ್ತಳು. ಸತ್ತವಳಂತೂ ಬರುವುದಿಲ್ಲ, ಇದ್ದವರ ಮರ್ಯಾದೆ ಕಳೆಯಬೇಡ ಎಂದು ಅಪ್ಪ ಬಾಯಿ ಮುಚ್ಚಿಸಿದ. ಹೆಣವನ್ನು ಹೂತು ಕೈ ತೊಳೆದುಕೊಂಡರು.

ವರ್ಷ ತುಂಬುವುದರೊಳಗೆ ಮಾಂತೇಶನಿಗೆ ರಬಕವಿಯ ಕಡೆಯ ರಾಜಶ್ರೀಯನ್ನು ಗೊತ್ತುಮಾಡಿದರು. ಆ ಹುಡುಗಿಗೆ ಎಚ್ಚರಿಕೆ ಹೇಳಬೇಕೆಂದು ಮುತ್ತವ್ವ ಬಸ್ಸು ಹತ್ತಿದವಳು, ಹೊಟ್ಟೆಕಿಚ್ಚಿಗೆ ಬಂದಳು ಎಂದಾರೆಂದು ಅಂಜಿ ನಡುವೆಯೇ ಇಳಿದು ಮರಳಿದಳು. ನಾಲ್ಕು ವರ್ಷಕ್ಕೆ ರಾಜಶ್ರೀಯ ಹೆಣವೂ ಹಿಪ್ಪರಗಿಯ ನೀರಿನಲ್ಲೇ ಸಿಕ್ಕಿತು. ಕಾಲುಜಾರಿದ ಅದೇ ಕಥೆ. ಆದರೆ ಈ ಸಲ ಎದುರುಮನೆಯ ಸಂಜು ಪೊಲೀಸರಿಗೆ ಒಂದು ಮಾತು ಹೇಳಿದ. ಹಿಂದಿನ ದಿನ ಮಾಂತೇಶನ ಮಗ್ಗಗಳಲ್ಲಿ ನೂಲೇ ಇರಲಿಲ್ಲ. ಆದರೂ ನಾಲ್ಕೂ ಮಗ್ಗ ಒಂದು ತಾಸು ಬರಿದೇ ಓಡಿದವು. ನೂಲಿಲ್ಲದ ಮಗ್ಗದ ಸಪ್ಪಳ ನೇಕಾರನ ಕಿವಿಗೆ ತಿಳಿಯದೇ ಇರುತ್ತದೆಯೇ? ಆ ಸಪ್ಪಳದ ಮರೆಯಲ್ಲಿ ಏನು ನಡೆಯಿತೆಂದು ಹೆಣದ ಪರೀಕ್ಷೆ ಹೇಳಿತು. ನೀರಿಗೆ ಬೀಳುವ ಮೊದಲೇ ಕೊರಳು ಹಿಸುಕಲಾಗಿತ್ತು.

ಮುತ್ತವ್ವ ಯಾರೂ ಕರೆಯದೆಯೇ ಸರ್ಕಾರಿ ವಕೀಲರನ್ನು ಕಂಡು ಜಮಖಂಡಿ ಕೋರ್ಟಿನಲ್ಲಿ ಸಾಕ್ಷಿ ನುಡಿದಳು. ಅವನಿಗೆ ಜೀವಾವಧಿಯಾಯಿತು, ರಾಜಶ್ರೀಯ ಕೊಲೆಗೆ ಮಾತ್ರ. ನೀಲವ್ವನ ಸಾವಿಗೆ ಪುರಾವೆ ಇರಲಿಲ್ಲ. ತೀರ್ಪಿನಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು, ಆರೋಪಿಯ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ ಎಂದು.

ಕೋರ್ಟಿನ ಪಡಸಾಲೆಯಲ್ಲಿ ರಾಜಶ್ರೀಯ ಕೂಸು ಮಾನಸಿ ಅಜ್ಜಿಯ ಸೆರಗು ಹಿಡಿದು ಕೂತಿರುತ್ತಿತ್ತು. ತಾರೀಖಿಗೊಮ್ಮೆ ಮುತ್ತವ್ವ ಗಂಟು ಬಿಚ್ಚಿ ಅದಕ್ಕೆ ರೊಟ್ಟಿ ಬೆಲ್ಲ ಕೊಡುವಳು. ಎರಡು ವರ್ಷದಲ್ಲಿ ಅಜ್ಜಿ ಹಾಸಿಗೆ ಹಿಡಿದಾಗ, ಈ ಕೂಸು ನಿನ್ನ ಮಡಿಲಲ್ಲಿ ಮಾತ್ರ ಉಣ್ಣುತ್ತದೆ, ನೀನೇ ಒಯ್ದುಬಿಡು ಎಂದಳು. ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡ ಮುತ್ತವ್ವ ಕೂಸನ್ನು ಬೀಳಗಿಗೆ ತಂದಳು. ಈಗ ಮಾನಸಿಗೆ ಹದಿನೆಂಟು ತುಂಬಿದೆ. ಜಮಖಂಡಿಯಲ್ಲಿ ನರ್ಸಿಂಗ್ ಓದುತ್ತಾಳೆ. ಹದಿನಾಲ್ಕು ವರ್ಷ ಕಳೆದು, ಸನ್ನಡತೆಯ ಮೇಲೆ ಅಪ್ಪನನ್ನು ಬಿಟ್ಟಿದ್ದಾರೆಂಬುದು ಅವಳಿಗೂ ಗೊತ್ತಿತ್ತು. ಅವನು ಮಗಳನ್ನು ಹುಡುಕಿಕೊಂಡು ಬಂದಿರಲಿಲ್ಲ.

ಸುದ್ದಿ ಕೇಳಿ ಮಾನಸಿ ಮರುದಿನವೇ ಬೀಳಗಿಗೆ ಬಂದಳು. ಮುತ್ತವ್ವ ಆಗಲೇ ಸೀರೆ ಉಟ್ಟು ತೀರ್ಪಿನ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಈ ಸಲ ನಡುವೆ ಇಳಿಯುವುದಿಲ್ಲ ಎಂದಳು.

"ನೀ ಒಬ್ಬಾಕಿನ ಹೋದ್ರ ಹೊಟ್ಟಿಕಿಚ್ಚು ಅಂತಾರ, ದೊಡವ್ವ," ಎಂದಳು ಮಾನಸಿ. "ನಾನೂ ಬರ್ತೇನಿ. ನನಗೇನಂತಾರ ನೋಡೂಣು."

ಅಂಜನಾಳ ಮನೆ ಕಬ್ಬಿನ ತೋಟದ ಅಂಚಿಗಿತ್ತು. ಅವಳು ಪಡಸಾಲೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕೂತು ಸಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಮೂವತ್ತೈದರ ಆಸುಪಾಸು, ಕಡ್ಡಿಯಂಥ ಮೈ, ಚುರುಕು ಕಣ್ಣು. ಅಣ್ಣ ಶಂಕರೆಪ್ಪ ಬಂದವರಿಗೆ ಚಹಾ ತರಿಸಿದ. ಮುತ್ತವ್ವ ಯಾರೆಂದು ತಿಳಿದದ್ದೇ ತಡ, ಅವನ ಮುಖ ಬಿಗಿಯಿತು. ಹುಡುಗ ಇಚಲಕರಂಜಿಯಲ್ಲಿ ಹದಿನಾಲ್ಕು ವರ್ಷ ಮಗ್ಗದ ಕೆಲಸ ಮಾಡಿ ಬಂದವನು, ಹೆಂಡತಿ ಬೇನೆಯಿಂದ ತೀರಿದಳು, ನಮಗೆ ಎಲ್ಲವನ್ನೂ ಹೇಳಿಯೇ ಸಂಬಂಧ ಕೇಳಿದ್ದಾನೆ ಎಂದ. ಮುತ್ತವ್ವ ತೀರ್ಪು ಮುಂದೆ ಚಾಚಿದರೆ ಮುಟ್ಟಲಿಲ್ಲ. ಗಂಡ ಸತ್ತ ತಂಗಿಗೆ ಎಂಟು ವರ್ಷಕ್ಕೆ ಬಂದ ಒಂದು ಒಳ್ಳೆಯ ಮಾತನ್ನು ಮುರಿಯಲು ಬಂದಿದ್ದೀರಿ, ಎದ್ದು ಹೋಗಿ ಎಂದ.

ಅಂಜನಾ ಯಂತ್ರದ ಗಾಲಿಯ ಮೇಲೆ ಕೈ ಇಟ್ಟು ಕೇಳುತ್ತಿದ್ದಳು. ಮಾನಸಿ ಅವಳ ಹತ್ತಿರ ಹೋಗಿ ನಿಂತಳು.

"ನಾ ಅವರ ಮಗಳ್ರಿ. ಲಗ್ನ ಆಗಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ನನ್ನ ಬಗ್ಗೆ ಅವರನ್ನ ಒಂದ ಮಾತ ಕೇಳ್ರಿ. ಅವರು ಏನ ಹೇಳ್ತಾರ ನೀವ ನೋಡ್ರಿ."

ಯಂತ್ರದ ಮೇಲಿದ್ದ ಸೀಮೆಸುಣ್ಣದಿಂದ ತೀರ್ಪಿನ ಹಿಂದೆ ತನ್ನ ಫೋನ್ ನಂಬರು ಬರೆದು, ಅಲ್ಲೇ ಬಟ್ಟೆಯ ಕೆಳಗಿಟ್ಟು ಬಂದಳು. ಮರಳುವಾಗ ಬಸ್ಸಿನಲ್ಲಿ ಮುತ್ತವ್ವ, ಆಕೆ ಒಂದು ಮಾತೂ ಆಡಲಿಲ್ಲವಲ್ಲ ಎಂದು ಕೊರಗಿದಳು. ನಿನ್ನ ಮಾತನ್ನು ಪೂರ್ತಿ ಕೇಳಿದಳಲ್ಲ ಎಂದಳು ಮಾನಸಿ.

ಹನ್ನೊಂದು ದಿನ ಯಾವ ಸುದ್ದಿಯೂ ಇಲ್ಲ. ಹನ್ನೆರಡನೆಯ ದಿನ ಮುಂಜಾನೆ ಅಂಜನಾ ಮಾನಸಿಗೆ ಫೋನು ಮಾಡಿ ದಾರಿ ಕೇಳಿಕೊಂಡು, ಹತ್ತರ ಬಸ್ಸಿಗೆ ಬೀಳಗಿಯಲ್ಲಿ ಇಳಿದಳು. ಜೊತೆಗೆ ಶಂಕರೆಪ್ಪನೂ ಇದ್ದ, ತಲೆ ತಗ್ಗಿಸಿಕೊಂಡು. ಅಷ್ಟರಲ್ಲಿ ಮಾನಸಿಯೂ ಜಮಖಂಡಿಯಿಂದ ಬಂದಿದ್ದಳು. ಅಂಜನಾಳ ಬಲಗೈ ಮಣಿಕಟ್ಟು ಬಾತುಕೊಂಡಿತ್ತು. ಮುತ್ತವ್ವ ಏನೂ ಕೇಳದೆ ಅವಳನ್ನು ಕೂರಿಸಿ, ಅರಿಶಿನ ಕಲಸಿ ತಂದಳು.

ಹಚ್ಚಿಸಿಕೊಳ್ಳುತ್ತಲೇ ಅಂಜನಾ ನಡೆದದ್ದನ್ನು ಹೇಳಿದಳು. ತೀರ್ಪನ್ನು ಅವಳು ಅಕ್ಷರ ಅಕ್ಷರವಾಗಿ ಓದಿದ್ದಳು. ಆದರೂ, ಶಿಕ್ಷೆ ಅನುಭವಿಸಿದವನು ಬದಲಾಗಿರಬಹುದು, ನಿಜ ಹೇಳಿದರೆ ವಿಚಾರ ಮಾಡೋಣ ಎಂದುಕೊಂಡಿದ್ದಳು. ನಿನ್ನೆ ಅವನು ಸೀರೆಯ ಬಣ್ಣ ಕೇಳುವ ನೆವದಲ್ಲಿ ಬಂದಾಗ, ನಿಮಗೆ ಮಕ್ಕಳೆಷ್ಟು ಎಂದು ಕೇಳಿದಳು. ಒಂದೂ ಇಲ್ಲ ಎಂದ, ಕಣ್ಣು ಮಿಟುಕಿಸದೆ.

"ಹೋದ ವಾರ ನಿಮ್ಮ ಮಗಳು ಇಲ್ಲೇ ನಿಂತಿದ್ಲು ಅಂತ ನಾ ಅಂದೆ," ಅಂಜನಾ ಹೇಳಿದಳು. "ದನಿ ಏರಿಸಲಿಲ್ರಿ ಆತ. ಮಣಿಕಟ್ಟ ಹಿಡಕೊಂಡು ಮೆತ್ತಗ ಅಂದಾ, ಮೊದಲಿನಾಕಿನೂ ಹಿಂಗ ಪ್ರಶ್ನಿ ಕೇಳತಿದ್ಲು, ಹೊಳ್ಯಾಗ ಹಾಕಿದ ಮ್ಯಾಲೆ ಸುಮ್ಮನಾದ್ಲು ಅಂತ."

ಮುತ್ತವ್ವ ಅರಿಶಿನದ ಬಟ್ಟಲನ್ನು ನೆಲಕ್ಕಿಟ್ಟಳು. ಇಪ್ಪತ್ತು ವರ್ಷ ಅವಳೊಬ್ಬಳೇ ಹೇಳುತ್ತಿದ್ದ ಮಾತನ್ನು ಅವನ ಬಾಯಿಯೇ ಹೇಳಿತ್ತು. ಅವಳು ಅಂಜನಾಳ ಮಣಿಕಟ್ಟಿಗೆ ಬಟ್ಟೆ ಸುತ್ತಿ ಕಟ್ಟಿದಳು. ಆ ಮಾತನ್ನು ಒಳಬಾಗಿಲಲ್ಲಿ ನಿಂತು ತಾನೂ ಕೇಳಿದೆ, ಕೇಳಿದ್ದಕ್ಕೇ ಅವನನ್ನು ಅಂಗಳದಾಚೆ ನೂಕಿದೆ ಎಂದ ಶಂಕರೆಪ್ಪ. ಆಮೇಲೆ ಮುತ್ತವ್ವನ ಕಾಲಿಗೆರಗಲು ಬಗ್ಗಿದ. ಅವಳು ತಡೆದು, ಮೊದಲು ಉಣ್ಣಿರಿ ಎಂದಳು.

ಮಧ್ಯಾಹ್ನ ನಾಲ್ವರೂ ಮುಧೋಳಕ್ಕೆ ಹೋಗಿ ಪೊಲೀಸ್ ಠಾಣೆಯಲ್ಲಿ ಫಿರ್ಯಾದು ಕೊಟ್ಟರು. ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು ಒಬ್ಬೊಬ್ಬರ ಹೆಸರು ಕೇಳಿ, ಅಂಜನಾಳ ಕಡೆ ನೋಡಿ, ಈ ಮುತ್ತವ್ವ ನಿಮಗೇನಾಗಬೇಕು ಎಂದಳು. ಮೊದಲ ಹೆಂಡತಿಯ ಅಕ್ಕ, ಎರಡನೆಯವಳ ಮಗಳು, ಮೂರನೆಯವಳಾಗದೆ ಉಳಿದವಳು. ಇದಕ್ಕೆ ಹೆಸರೇನೆಂದು ಮುತ್ತವ್ವನಿಗೆ ತಿಳಿಯಲಿಲ್ಲ.

"ಅಕ್ಕ ಅಂತ ಬರ್ಕೊಳ್ರಿ," ಎಂದಳು ಅಂಜನಾ.

ಅಂಜನಾಳನ್ನು ಬೆದರಿಸಿ ಬಿಡುಗಡೆಯ ಷರತ್ತು ಮುರಿದದ್ದಕ್ಕೆ ನಾಲ್ಕು ತಿಂಗಳಲ್ಲಿ ಮಾಂತೇಶ ಮತ್ತೆ ಜೈಲು ಸೇರಿದ. ನೀಲವ್ವನ ಹಳೆಯ ಕಾಗದಗಳನ್ನು ಪೊಲೀಸರು ಹೊರಗೆ ತೆಗೆದಿದ್ದಾರೆ. ಆ ಸಾವಿನ ಬಗ್ಗೆ ಮುತ್ತವ್ವನ ಹೇಳಿಕೆಯನ್ನು ಮೊದಲ ಸಲ ಸಹಿ ಹಾಕಿಸಿ ತೆಗೆದುಕೊಂಡರು. ಅದು ಎಲ್ಲಿಗೆ ಮುಟ್ಟುತ್ತದೋ, ವಕೀಲರೂ ಖಾತ್ರಿ ಹೇಳಲಾರರು. ಮುತ್ತವ್ವ ಮಾತ್ರ ಕರೆದ ದಿನ ಬಿಡದೆ ಹೋಗುತ್ತಾಳೆ. ಆ ದಿನ ರೊಟ್ಟಿಯ ಕೆಲಸಕ್ಕೆ ಅಂಜನಾ ಬಂದು ಕೂಡುತ್ತಾಳೆ. ಅವಳ ರೊಟ್ಟಿ ಇನ್ನೂ ದುಂಡಗಾಗುವುದಿಲ್ಲ, ಖಾನಾವಳಿಯವರು ನಗುತ್ತಾರೆ. ಮಾನಸಿಗೆ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಪಾಳಿ ಬಂದಿದೆ. ಮೊದಲ ಕೂಸನ್ನು ಕೈಯಲ್ಲಿ ಹಿಡಿದ ದಿನ ಇಬ್ಬರಿಗೂ ಒಟ್ಟಿಗೆ ಫೋನು ಹಚ್ಚಿ, ಹೆಣ್ಣು, ಮೂರು ಕೆ.ಜಿ. ತೂಕ, ದನಿ ಎಷ್ಟು ಜೋರು ಅಂತೀರಿ ಎಂದು ಅರ್ಧ ತಾಸು ಹೇಳಿದಳು.